ಐಸಿಯು ರಕ್ತದಲ್ಲಿ ಎಟಾಕ್ ಆಗಲ್ಲ ಅಂದಿದ್ದರು

ಎಟಾಕ್ ಅಂದರೆ ಕೋಶದ ಡಿಎನ್‌ಎಯಲ್ಲಿ ಯಾವ ಜಾಗ ತೆರೆದಿದೆ, ಯಾವುದು ಮುಚ್ಚಿದೆ ಅಂತ ನೋಡುವ ವಿಧಾನ. ಹೋದ ತಿಂಗಳು ಕಳಿಸಿದ ಎಂಟು ಲೈಬ್ರರಿಗಳಲ್ಲಿ (ಸೀಕ್ವೆನ್ಸರಿನಲ್ಲಿ ಓದಿಸಲು ಸಿದ್ಧಮಾಡಿದ ಡಿಎನ್‌ಎ ತುಂಡುಗಳ ಸಂಗ್ರಹ) ಎಂಟೂ ಪಾಸಾದವು. ಎಲ್ಲವೂ ವೆಂಟಿಲೇಟರ್ ಮೇಲಿದ್ದ ರೋಗಿಗಳ ಮಾನೊಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣ). ಕೆಲವರದ್ದು ಕೋವಿಡ್, ಕೆಲವರದ್ದು ಇನ್‌ಫ್ಲುಯೆನ್ಸಾ. ಮೂರು ವರ್ಷದ ಹಿಂದೆ ಸೀಕ್ವೆನ್ಸಿಂಗ್ ನೋಡಿಕೊಳ್ಳುವ ಹಿರಿಯರೊಬ್ಬರು ನನ್ನ ಮೊದಲ ಜೆಲ್ ಚಿತ್ರ ನೋಡಿ, "ಐಸಿಯು ರಕ್ತದಲ್ಲಿ ಎಟಾಕ್ ಆಗಲ್ಲ, ಸುಮ್ನೆ ಆರ್‌ಎನ್‌ಎ ಮಾಡಿ ಮುಗಿಸಿ" ಅಂದಿದ್ದರು. ಈ ಸಲ ಅವರೇ ಫೋನ್ ಮಾಡಿ ಪ್ರೋಟೋಕಾಲ್ ಕೇಳಿದರು. ಕಳಿಸಿಕೊಟ್ಟೆ. ಒಂದು ಸಾಲು ಮಾತ್ರ ಬಿಟ್ಟೆ, ಅದರ ಕತೆ ಆಮೇಲೆ.

ಎಟಾಕ್-ಸೀಕ್ ಮಾಡಿ ಗೊತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಹೊಸಬರಿಗೆ ಇಷ್ಟು ಸಾಕು: ಟಿಎನ್-5 ಅನ್ನುವ ಕಿಣ್ವ ಡಿಎನ್‌ಎ ತೆರೆದಿರುವ ಕಡೆ ಕತ್ತರಿಸುತ್ತದೆ, ಓದಿಸಿದಾಗ ಅಲ್ಲಿ ಏಳುವ ಗುಡ್ಡವೇ ಪೀಕ್. ಇದಕ್ಕಿಂತ ಹೆಚ್ಚು ಹೇಳಲು ಹೋಗುವುದಿಲ್ಲ. ಇಲ್ಲಿ ಕೊಡುವ ಅಂಕಿಗಳು ಹೆಚ್ಚಿನವು ನೆನಪಿನಿಂದ ಬರೆದವು. ನೋಟ್‌ಬುಕ್ ತೆಗೆದರೆ ಅಲ್ಲೊಂದು ಇಲ್ಲೊಂದು ಆಚೀಚೆ ಆಗಬಹುದು.

ಆರ್‌ಎನ್‌ಎ ಸಾಕಲ್ವಾ ಅಂತ ಎಲ್ಲರೂ ಕೇಳಿದರು. ನನ್ನ ಪ್ರಶ್ನೆಗೆ ಸಾಲುತ್ತಿರಲಿಲ್ಲ. ತೀವ್ರ ಕಾಯಿಲೆಯಲ್ಲಿ ಮಾನೊಸೈಟ್ ಮೇಲಿನ ಎಚ್‌ಎಲ್‌ಎ-ಡಿಆರ್ (ರೋಗಾಣುವಿನ ತುಣುಕನ್ನು ಬೇರೆ ಕೋಶಗಳಿಗೆ ತೋರಿಸುವ ಪ್ರೋಟೀನು) ಇಳಿದುಹೋಗುತ್ತದೆ ಅನ್ನುವುದು 2020ರಲ್ಲೇ ಎಲ್ಲರಿಗೂ ಗೊತ್ತಾಗಿತ್ತು. ಸೆಪ್ಸಿಸ್ ನೋಡುವವರಿಗೆ ಅದು ಇನ್ನೂ ಹಳೆಯ ಸುದ್ದಿ. ಆದರೆ ಇಳಿದದ್ದು ಹೇಗೆ? ಉರಿಯೂತ ತಗ್ಗಿಸುವ ಐಎಲ್-10 ಜಾಸ್ತಿಯಾದರೆ ಮಾರ್ಚ್-1 ಅನ್ನುವ ಪ್ರೋಟೀನು ಮೇಲಿರುವ ಎಚ್‌ಎಲ್‌ಎ-ಡಿಆರ್ ಅನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾದರೆ ಜೀನಿಗೆ ಏನೂ ಆಗಿಲ್ಲ, ಸರಕು ಒಳಗೆ ಹೋಗಿದೆ ಅಷ್ಟೆ. ಅಥವಾ ಆ ಜೀನನ್ನು ನಡೆಸುವ ಸಿಐಐಟಿಎ ಕಡೆಯಿಂದ ಕ್ರೊಮಾಟಿನ್ನೇ, ಅಂದರೆ ಹಿಸ್ಟೋನ್ ಪ್ರೋಟೀನಿಗೆ ಸುತ್ತಿಕೊಂಡ ಡಿಎನ್‌ಎಯೇ, ಮುಚ್ಚಿಕೊಂಡಿದೆಯೋ? ಮೊದಲನೆಯದಾದರೆ ರೋಗಿ ಚೇತರಿಸಿಕೊಂಡ ಕೂಡಲೇ ಸರಿಹೋಗಬೇಕು. ಎರಡನೆಯದಾದರೆ ತಿಂಗಳುಗಟ್ಟಲೆ ಗುರುತು ಉಳಿಯಬಹುದು. ಇದನ್ನು ನೋಡಲು ಕ್ರೊಮಾಟಿನ್ ಬೇಕೇ ಬೇಕು.

ಮೊದಲ ವರ್ಷ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಸುಮಾರು 24 ಮಾದರಿಗಳಲ್ಲಿ 19 ಹಾಳು. ಆರೋಗ್ಯವಂತರ ರಕ್ತದಲ್ಲಿ, ತುಂಡುಗಳನ್ನು ಉದ್ದದ ಪ್ರಕಾರ ಬಿಡಿಸಿ ತೋರಿಸುವ ಜೆಲ್ ಮೇಲೆ ಚೆಂದದ ಏಣಿ ಬರುತ್ತಿತ್ತು, 200 ಅಕ್ಷರ ಉದ್ದದ ಆಸುಪಾಸಿನಲ್ಲಿ ಒಂದು ಮೆಟ್ಟಿಲು, 400ರಲ್ಲಿ ಇನ್ನೊಂದು. ಅದೇ ದಿನ, ಅದೇ ಕೈ, ಅದೇ ಬಫರ್, ರೋಗಿಯ ರಕ್ತದಲ್ಲಿ ಮಾತ್ರ ಬರೀ ಸ್ಮಿಯರ್, ಮೆಟ್ಟಿಲಿಲ್ಲದ ಮಸುಕು. ಹಟಕ್ಕೆ ಬಿದ್ದು ಕೆಲವನ್ನು ಸೀಕ್ವೆನ್ಸ್ ಕೂಡ ಮಾಡಿಸಿದೆ. ಟಿಎಸ್‌ಎಸ್ ಸ್ಕೋರ್ (ಜೀನು ಶುರುವಾಗುವ ಜಾಗದಲ್ಲಿ ಸಂಕೇತ ಎಷ್ಟು ಎದ್ದು ಕಾಣುತ್ತದೆ ಅನ್ನುವ ಅಳತೆ) 2 ದಾಟಲಿಲ್ಲ. 7ರ ಮೇಲಿದ್ದರೆ ಒಳ್ಳೆಯದು, 5ರ ಕೆಳಗಿದ್ದರೆ ಎಸೆಯಿರಿ ಅನ್ನುವ ಲೆಕ್ಕ ನಿಮಗೂ ಗೊತ್ತಲ್ಲ.

ನಾನು ತಪ್ಪಿತಸ್ಥ ಮಾಡಿದ್ದು ಟಿಎನ್-5 ಅನ್ನು. ಕಿಟ್ ಹಳೆಯದಾಗಿದೆ ಅಂದುಕೊಂಡು ಹೊಸದು ತರಿಸಿದೆ. ಅದೂ ಹಾಗೇ. ಕಿಣ್ವ ಅರ್ಧ ಮಾಡಿದೆ, ದುಪ್ಪಟ್ಟು ಮಾಡಿದೆ, ಅರ್ಧ ಗಂಟೆಯ ಬದಲು ಹದಿನೈದು ನಿಮಿಷ ಇಟ್ಟೆ. ಎರಡು ಕಿಟ್ ಅಂದರೆ ಆ ವರ್ಷದ ಗ್ರಾಂಟಿನ ಹತ್ತಿರ ಹತ್ತಿರ ಮೂರನೇ ಒಂದು ಪಾಲು. ಸೀಕ್ವೆನ್ಸಿಂಗ್ ಖರ್ಚೂ ಸೇರಿಸಿದರೆ ಅರ್ಧಕ್ಕಿಂತ ಜಾಸ್ತಿ ಹಣ ಸ್ಮಿಯರ್ ನೋಡುವುದಕ್ಕೇ ಹೋಯಿತು. ಗ್ರಾಂಟಿನ ವರದಿಯಲ್ಲಿ ಇದಕ್ಕೆ "ವಿಧಾನದ ಪ್ರಮಾಣೀಕರಣ" ಅಂತ ಹೆಸರಿಟ್ಟೆ.

ಕೊನೆಗೆ ಉತ್ತರ ಸಿಕ್ಕಿದ್ದು ಅತಿ ಅಗ್ಗದ ಕೆಲಸದಿಂದ. ಒಂದು ಸಂಜೆ ಬೇಸರಕ್ಕೆ ಫೈಕಾಲ್ (ರಕ್ತಕಣಗಳನ್ನು ಸಾಂದ್ರತೆಯ ಪ್ರಕಾರ ಬೇರ್ಪಡಿಸುವ ದ್ರವ) ಪದರದಿಂದ ತೆಗೆದ ಕೋಶಗಳ ಒಂದು ಹನಿಯನ್ನು ಸ್ಲೈಡಿನ ಮೇಲೆ ಹಾಕಿ, ಗೀಮ್ಸಾ ಬಣ್ಣ ಕೊಟ್ಟು ನೋಡಿದೆ. ಅಲ್ಲಿ ಇರಬೇಕಾದ್ದು ಲಿಂಫೋಸೈಟ್ ಮತ್ತು ಮಾನೊಸೈಟ್. ಕಂಡದ್ದು ತುಂಡು ತುಂಡಾದ ನ್ಯೂಕ್ಲಿಯಸ್. ಅರ್ಧಕ್ಕರ್ಧ ನ್ಯೂಟ್ರೋಫಿಲ್‌ಗಳು, ಇನ್ನೊಂದು ಬಗೆಯ ಬಿಳಿ ರಕ್ತಕಣ! ಆರೋಗ್ಯವಂತರಲ್ಲಿ 1.077 ಸಾಂದ್ರತೆಯ ಫೈಕಾಲ್‌ನಲ್ಲಿ ಅವು ತಳಕ್ಕೆ ಮುಳುಗುತ್ತವೆ. ತೀವ್ರ ಕಾಯಿಲೆಯಲ್ಲಿ ಮೂಳೆಮಜ್ಜೆ ಎಳೆಯ ನ್ಯೂಟ್ರೋಫಿಲ್‌ಗಳನ್ನು ಹೊರಗೆ ದೂಡುತ್ತದೆ, ಅವು ಹಗುರ, ಮಾನೊಸೈಟ್ ಪದರದಲ್ಲೇ ತೇಲುತ್ತವೆ. ಓದಿದ್ದೆ. ನನ್ನ ಟ್ಯೂಬಿನಲ್ಲೂ ಅದೇ ಇದೆ ಅಂತ ಹೊಳೆದಿರಲಿಲ್ಲ.

ತೇಲಿದರೆ ತೇಲಲಿ, ಅವು ಸುಮ್ಮನೆ ಇರುವ ಜಾತಿಯಲ್ಲ. ಅರ್ಧ ಸತ್ತಿರುತ್ತವೆ. ಪಿಎಡಿ-4 ಕಿಣ್ವದಿಂದ ಹಿಸ್ಟೋನನ್ನು ಸಡಿಲ ಮಾಡಿ, ಡಿಎನ್‌ಎಯನ್ನು ಬಲೆಯ ಹಾಗೆ ಹೊರಗೆ ಚೆಲ್ಲಿರುತ್ತವೆ. ಟಿಎನ್-5ಗೆ ಬೆತ್ತಲೆ ಡಿಎನ್‌ಎ ಸಿಕ್ಕರೆ ಬೇರೇನೂ ಬೇಡ. ನಾನು 50,000 ಕೋಶ ಎಣಿಸಿ ಹಾಕುತ್ತಿದ್ದೆ. ಅದರಲ್ಲಿ ನನಗೆ ಬೇಕಾದ ಮಾನೊಸೈಟ್ ಬಹುಶಃ ಎಂಟು ಹತ್ತು ಸಾವಿರ. ಮೇಲೆ, ಎಣಿಕೆಗೆ ಸಿಗದ ಬಲೆಯ ಡಿಎನ್‌ಎ ಬೇರೆ. ಕಿಣ್ವ ಎಷ್ಟು ಹೊಂದಿಸಿದರೂ ಸರಿಯಾಗುವುದು ಹೇಗೆ?

ಅಲ್ಲಿಂದ ಮುಂದೆ ಕೆಲಸದ ಅನುಕ್ರಮವನ್ನೇ ತಿರುಗಿಸಿದೆ. ಮೊದಲು ಸಿಡಿ66ಬಿ ಬೀಡ್ಸ್ (ನ್ಯೂಟ್ರೋಫಿಲ್ ಮೇಲಿನ ಸಿಡಿ66ಬಿ ಗುರುತನ್ನು ಹಿಡಿಯುವ ಮಣಿಗಳು) ಹಾಕಿ ನ್ಯೂಟ್ರೋಫಿಲ್ ತೆಗೆಯುವುದು. ಆಮೇಲೆ ಬೆತ್ತಲೆ ಡಿಎನ್‌ಎ ಕತ್ತರಿಸುವ ಡಿಎನ್‌ಏಸ್, ಮಿಲಿಲೀಟರಿಗೆ 200 ಯೂನಿಟ್, 37 ಡಿಗ್ರಿಯಲ್ಲಿ. 2017ರ ಓಮ್ನಿ-ಎಟಾಕ್ ಕ್ರಮದಲ್ಲೇ ಇದು ಇದೆ, ಸತ್ತ ಕೋಶ ಸ್ವಲ್ಪ ಇದ್ದರೆ ಹೀಗೆ ಮಾಡಿ ಅಂತ. ಅರ್ಧ ಗಂಟೆ ಅಂದಿರುತ್ತಾರೆ, ರೋಗಿಯ ಮಾನೊಸೈಟ್‌ಗೆ ಅದು ಜಾಸ್ತಿಯಾಯಿತು, ನಾನು ಹದಿನೈದಕ್ಕೆ ನಿಲ್ಲಿಸುತ್ತೇನೆ. ಇಲ್ಲೊಂದು ಸಲ ಪೆದ್ದುತನ ಮಾಡಿದೆ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನಲ್ಲಿ ಬರುತ್ತದೆ, ಬೀಡ್ಸ್ ಬಫರಿನಲ್ಲೂ ಇಡಿಟಿಎ. ಸರಿಯಾಗಿ ತೊಳೆಯದೆ ಡಿಎನ್‌ಏಸ್ ಹಾಕಿದೆ. ಇಡಿಟಿಎ ಕ್ಯಾಲ್ಸಿಯಂ ಮೆಗ್ನೀಸಿಯಂ ಹಿಡಿದುಕೊಳ್ಳುತ್ತದೆ, ಅವಿಲ್ಲದೆ ಡಿಎನ್‌ಏಸ್ ಏನು ಕೆಲಸ ಮಾಡೀತು? ಎರಡು ವಾರ "ಡಿಎನ್‌ಏಸ್ ಉಪಯೋಗವಿಲ್ಲ" ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಹೆಪಾರಿನ್ ಟ್ಯೂಬಿಗೆ ಬದಲಾಯಿಸಿದರೆ ಅದು ಪಿಸಿಆರ್ ಕೆಡಿಸುತ್ತದೆ. ಹಾಗಾಗಿ ಇಡಿಟಿಎಯೇ ಇರಲಿ, ಎರಡು ಸಲ ತೊಳೆಯಿರಿ.

ಇಷ್ಟೆಲ್ಲ ಆದ ಮೇಲೆ ಮಾನೊಸೈಟ್‌ನ ಗುರುತಾದ ಸಿಡಿ14 ಹಿಡಿದು ಅವನ್ನು ಎತ್ತುವುದು. ಎಣಿಸುವುದು ಎಲ್ಲಕ್ಕಿಂತ ಕೊನೆಗೆ.

ಸಾರ್ಟಿಂಗ್ ಬಗ್ಗೆ, ಅಂದರೆ ಗುರುತು ನೋಡಿ ಕೋಶ ಬೇರ್ಪಡಿಸುವುದರ ಬಗ್ಗೆ, ಇನ್ನೊಂದು. ಮೊದಲು ನಾನು ಎಲ್ಲರ ಹಾಗೆ ಸಿಡಿ14 ಜತೆಗೆ ಎಚ್‌ಎಲ್‌ಎ-ಡಿಆರ್ ಗೇಟ್ ಹಾಕುತ್ತಿದ್ದೆ (ಎರಡೂ ಇರುವ ಕೋಶ ಮಾತ್ರ ಒಳಗೆ), ಆರೋಗ್ಯವಂತರಲ್ಲಿ ಅದು ನೀಟಾಗಿ ಬೀಳುತ್ತದೆ. ಎಂಟು ರೋಗಿಗಳನ್ನು ಹೀಗೆ ಸಾರ್ಟ್ ಮಾಡಿದ ಮೇಲೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಪ್ಲಾಟ್ ನೋಡಿ ಮೆಲ್ಲಗೆ ಕೇಳಿದಳು. "ಸರ್, ಎಚ್‌ಎಲ್‌ಎ-ಡಿಆರ್ ಇಳಿದಿರೋ ಕೋಶಗಳೇ ನಮಗೆ ಬೇಕಾಗಿರೋದು ಅಲ್ವಾ? ಅವನ್ನೇ ಗೇಟಿನಿಂದ ಆಚೆ ಬಿಟ್ಟಿದ್ದೀವಲ್ಲ?" ಆ ದಿನ ಬೇಗ ಮನೆಗೆ ಹೋದೆ.

ಈಗ 10,000 ಮಾನೊಸೈಟ್ ಇದ್ದರೂ ಲೈಬ್ರರಿ ಬರುತ್ತದೆ. ರಕ್ತ ತೆಗೆದ ಎರಡು ಗಂಟೆಯೊಳಗೆ ಬೀಡ್ಸ್ ಹಾಕಿರಬೇಕು. ಮೂರು ಗಂಟೆ ದಾಟಿದರೆ ನಾನು ಮುಟ್ಟುವುದೇ ಇಲ್ಲ, ಒತ್ತಡಕ್ಕೆ ಎಚ್ಚರಗೊಳ್ಳುವ ಎಪಿ-1 ಪ್ರೋಟೀನಿನ ಪೀಕ್‌ಗಳು ಸುಮ್ಮಸುಮ್ಮನೆ ಏಳುತ್ತವೆ. ಅದು ಕಾಯಿಲೆಯೋ ಟ್ಯೂಬಿನಲ್ಲಿ ಕೂತ ಸಿಟ್ಟೋ ಹೇಳಲಾಗುವುದಿಲ್ಲ. ಐಸಿಯು ಜನ ಮೊದಮೊದಲು ಮಾದರಿಯನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಬೆಳಿಗ್ಗೆ ಕೊಡುತ್ತಿದ್ದರು. ಬೈಯಲಾಗುವುದಿಲ್ಲ, ಅವರಿಗೆ ಅದಕ್ಕಿಂತ ದೊಡ್ಡ ಕೆಲಸವಿತ್ತು. ಕೊನೆಗೆ ನಾವೇ ಸರದಿ ಹಾಕಿಕೊಂಡು ಐಸಿಯು ಬಾಗಿಲಲ್ಲಿ ಕಾದೆವು.

ಹಣದ ವಿಷಯಕ್ಕೆ ಬರುತ್ತೇನೆ. ಎರಡು ಕಡೆ ಉಳಿಸಿದೆ.

ಒಂದು, ಟಿಎನ್-5 ನಾವೇ ಮಾಡಿಕೊಂಡೆವು. 2014ರಲ್ಲಿ ಪಿಕೆಲ್ಲಿ ಮತ್ತು ಸಂಗಡಿಗರು ಕೊಟ್ಟ ಕ್ರಮ. ಪ್ಲಾಸ್ಮಿಡ್ (ಕಿಣ್ವದ ಜೀನು ಹೊತ್ತ ಡಿಎನ್‌ಎ ಉಂಗುರ) ಅಡ್‌ಜೀನ್ ಅನ್ನುವ ಸಂಗ್ರಹದಲ್ಲಿ ಸಿಗುತ್ತದೆ. ಎರಡು ಲೀಟರ್ ಕಲ್ಚರ್, ಕೈಟಿನ್ ಕಾಲಮ್, ಡಿಟಿಟಿ ಹಾಕಿ ಎರಡು ದಿನ ಬಿಡುವುದು, ಡಯಾಲಿಸಿಸ್. ಮೊದಲ ಬ್ಯಾಚಿನಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ತೆಗೆಯುವ ಪಿಇಐ ಹಂತ ಬಿಟ್ಟೆ, ತಲೆನೋವು ಯಾಕೆ ಅಂತ. ಲೈಬ್ರರಿ ಓದಿಸಿದರೆ ಐದರಲ್ಲಿ ಒಂದು ರೀಡ್ (ಓದಿದ ತುಂಡು) ಕಿಣ್ವ ಬೆಳೆಸಿದ ಇ.ಕೊಲೈ ಬ್ಯಾಕ್ಟೀರಿಯಾದ್ದು. ಕಿಣ್ವ ತನ್ನ ಊರಿನ ಡಿಎನ್‌ಎಯನ್ನು ಅಂಟಿಸಿಕೊಂಡೇ ಬಂದಿತ್ತು. ಎರಡನೇ ಬ್ಯಾಚಿನಿಂದ ಸರಿಹೋಯಿತು. ಒಂದು ಕಿಟ್ಟಿನ ದುಡ್ಡಿನಲ್ಲಿ ಎರಡು ವರ್ಷಕ್ಕಾಗುವಷ್ಟು ಕಿಣ್ವ. ಪ್ರತಿ ಬ್ಯಾಚನ್ನೂ ಒಬ್ಬನೇ ಆರೋಗ್ಯವಂತ ದಾನಿಯ ಫ್ರೀಜ್ ಮಾಡಿಟ್ಟ ಕೋಶಗಳ ಮೇಲೆ ಪರೀಕ್ಷಿಸುತ್ತೇನೆ. ಆ ದಾನಿ ನಾನೇ. ನನ್ನ ಮಾನೊಸೈಟ್‌ನ ಎಟಾಕ್ ನನಗೆ ಈಗ ಬಾಯಿಪಾಠ.

ಎರಡು, ಮೊದಲು ಮೇಲುಮೇಲೆ ಓದಿಸುವುದು. ಪ್ರತಿ ಲೈಬ್ರರಿಗೂ 20 ಲಕ್ಷ ರೀಡ್ ಸಾಕು, ಟಿಎಸ್‌ಎಸ್ ಸ್ಕೋರ್, ಮೈಟೊಕಾಂಡ್ರಿಯಾ ಪಾಲು, ತುಂಡುಗಳ ಉದ್ದ ಎಲ್ಲ ಗೊತ್ತಾಗುತ್ತದೆ. ಪಾಸಾದದ್ದನ್ನು ಮಾತ್ರ 5 ಕೋಟಿ ರೀಡ್‌ಗೆ ಕಳಿಸುತ್ತೇನೆ. ಮೊದಲ ವರ್ಷ ಈ ಬುದ್ಧಿ ಇದ್ದಿದ್ದರೆ ಆಗ ಕಳೆದದ್ದರಲ್ಲಿ ಬಹುಪಾಲು ಉಳಿಯುತ್ತಿತ್ತು. ಪಿಸಿಆರ್ ಸುತ್ತುಗಳ ವಿಷಯದಲ್ಲೂ ಅಷ್ಟೆ. ಐದು ಸುತ್ತು ಹಾಕಿ, ಸ್ವಲ್ಪ ತೆಗೆದು ಕ್ಯೂಪಿಸಿಆರ್ (ಪ್ರಮಾಣ ಅಳೆಯುವ ಪಿಸಿಆರ್) ಮಾಡಿ, ಇನ್ನೆಷ್ಟು ಬೇಕು ನೋಡಿಯೇ ಮುಂದುವರಿಯಿರಿ. ಒಟ್ಟು ಹದಿನಾಲ್ಕು ಸುತ್ತು ದಾಟಬೇಕಾದರೆ ಆ ಲೈಬ್ರರಿಯನ್ನು ನಾನು ಕೈಬಿಡುತ್ತೇನೆ.

ಲೈಬ್ರರಿ ಬಂತು. ಈಗ ಅದರೊಳಗೇನಿದೆ? ಇಲ್ಲೇ ನಾನು ಚೆನ್ನಾಗಿ ಮುಗ್ಗರಿಸಿದ್ದು.

ಮೊದಲ ಹನ್ನೆರಡು ಒಳ್ಳೆಯ ಮಾದರಿಗಳನ್ನು ಆರೋಗ್ಯವಂತರ ಜತೆ ಹೋಲಿಸಿ, ರೋಗಿಗಳಲ್ಲಿ ಹೊಸದಾಗಿ ತೆರೆದ ಜಾಗಗಳಲ್ಲಿ ಯಾವ ಮೋಟಿಫ್ (ಜೀನು ನಡೆಸುವ ಪ್ರೋಟೀನು ಹಿಡಿಯುವ ಡಿಎನ್‌ಎ ಅಕ್ಷರಗಳು) ಇದೆ ನೋಡಿದೆ. ಪಟ್ಟಿಯ ತುದಿಯಲ್ಲಿ ಪ್ರೊಜೆಸ್ಟರಾನ್ ರಿಸೆಪ್ಟರ್, ಅದರ ಕೆಳಗೆ ಆಂಡ್ರೊಜೆನ್ ರಿಸೆಪ್ಟರ್. ರೋಮಾಂಚನ ಆಯಿತು. ಗಂಡಸರಿಗೆ ಕೋವಿಡ್ ಜಾಸ್ತಿ ಕೆಟ್ಟದಾಗಿ ಬರುತ್ತದಲ್ವಾ, ಇದೇ ಕಾರಣ ಅಂದುಕೊಂಡೆ. ಒಂದು ವಾರ ಲಿಂಗ ಹಾರ್ಮೋನುಗಳ ಮೇಲೆ ದೊಡ್ಡ ಕತೆ ಹೆಣೆದೆ, ಆರು ಸ್ಲೈಡ್ ಕೂಡ ಮಾಡಿದೆ. ಮೂರನೇ ಸಾಲಿನಲ್ಲಿ ಗ್ಲೂಕೊಕಾರ್ಟಿಕಾಯ್ಡ್ ರಿಸೆಪ್ಟರ್ ಇತ್ತು, ಸ್ಟೀರಾಯ್ಡ್ ಔಷಧಿ ಕೆಲಸ ಮಾಡುವುದು ಇದರ ಮೂಲಕವೇ. ಈ ಮೂರೂ ಹತ್ತಿರ ಹತ್ತಿರ ಒಂದೇ ಅಕ್ಷರಗಳನ್ನು ಹಿಡಿಯುತ್ತವೆ. ಅತಿ ಜಾಸ್ತಿ ತೆರೆದಿದ್ದ ಜಾಗಗಳು ಎಫ್‌ಕೆಬಿಪಿ5, ಟಿಎಸ್‌ಸಿ22ಡಿ3, ಸಿಡಿ163, ಮೂರೂ ಸ್ಟೀರಾಯ್ಡ್ ಬಿದ್ದರೆ ಏಳುವ ಜೀನುಗಳು. ಸ್ಟೀರಾಯ್ಡ್ ನೋಡಿದ ಯಾರಿಗಾದರೂ ಈ ಮೂರು ಹೆಸರು ಸಾಕು. 2020ರ ಜೂನ್‌ನಲ್ಲಿ ರಿಕವರಿ ಅನ್ನುವ ಬ್ರಿಟನ್ನಿನ ಔಷಧಿ ಟ್ರಯಲ್ ಫಲಿತಾಂಶ ಬಂದ ಮೇಲೆ ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳಿಗೆಲ್ಲ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್ ರೂಢಿಯಾಗಿತ್ತು. ನನ್ನ ಹನ್ನೆರಡರಲ್ಲಿ ಹತ್ತು ಮಂದಿ ಅದರ ಮೇಲಿದ್ದರು. ನಾನು ಕಂಡುಹಿಡಿದದ್ದು ಕಾಯಿಲೆಯನ್ನಲ್ಲ, ಔಷಧಿಯನ್ನು. ಗುಡ್ಡ ಅಗೆದು ಇಲಿ ಹಿಡಿದೆ, ಅದೂ ಬೇರೆಯವರು ಸಾಕಿದ ಇಲಿ.

ಇದಕ್ಕೆ ಎರಡು ಮದ್ದು ಮಾಡಿದೆ. ಆರೋಗ್ಯವಂತರ ಮಾನೊಸೈಟ್‌ಗೆ 100 ನ್ಯಾನೊಮೋಲಾರ್ ಡೆಕ್ಸಾಮೆಥಾಸೋನ್ ಹಾಕಿ ರಾತ್ರಿಯಿಡೀ ಇಟ್ಟು ಎಟಾಕ್ ಮಾಡಿ, ಸ್ಟೀರಾಯ್ಡ್ ಪೀಕ್‌ಗಳ ಪಟ್ಟಿ ಇಟ್ಟುಕೊಂಡೆ. ಈಗ ಯಾವ ಹೊಸ ಫಲಿತಾಂಶ ಬಂದರೂ ಮೊದಲು ಆ ಪಟ್ಟಿಯ ಜತೆ ತಾಳೆ ನೋಡುತ್ತೇನೆ. ಇನ್ನೊಂದು, ಮೊದಲ ಡೋಸ್ ಬೀಳುವ ಮುಂಚಿನ ರಕ್ತ. ಇದು ಸಿಗುವುದು ತುಂಬ ಕಷ್ಟ. ಎರಡು ವರ್ಷದಲ್ಲಿ ಏಳೋ ಎಂಟೋ ಸಿಕ್ಕಿವೆ. ಆದರೆ ಒಂದೊಂದಕ್ಕೂ ಬೆಲೆ ಕಟ್ಟಲಾಗುವುದಿಲ್ಲ.

ಸ್ಟೀರಾಯ್ಡ್ ಕಳೆದ ಮೇಲೆ ಉಳಿದದ್ದೇನು? ಕಾಯಿಲೆಯ ಮೊದಲ ದಿನಗಳಲ್ಲಿ ಇಂಟರ್‌ಫೆರಾನ್ (ವೈರಸ್ ಬಂದಾಗ ಕೋಶಗಳು ಕಳಿಸುವ ಎಚ್ಚರಿಕೆಯ ಪ್ರೋಟೀನು) ಜಾಗಗಳು, ಅಂದರೆ ಐಆರ್‌ಎಫ್ ಮತ್ತು ಸ್ಟ್ಯಾಟ್ ಮೋಟಿಫ್ ಇರುವ ಕಡೆ, ಚೆನ್ನಾಗಿ ತೆರೆದಿರುತ್ತವೆ. ಐಸಿಯುನಲ್ಲಿ ವಾರ ಕಳೆದವರಲ್ಲಿ ಅವು ಬಾಡುತ್ತವೆ, ಸಿ/ಇಬಿಪಿ ಮೋಟಿಫ್ ಮೇಲೇಳುತ್ತದೆ. ತುರ್ತಿನಲ್ಲಿ ಮಜ್ಜೆಯಿಂದ ಹೊರಬಿದ್ದ ಎಳೆಯ ಮಾನೊಸೈಟ್‌ಗಳ ಗುರುತು ಅದು ಅಂತ ನನ್ನ ಲೆಕ್ಕ. ಇನ್ನು ಉರಿಯೂತದ ಜೀನುಗಳಾದ ಎಸ್100ಎ8, ಎಸ್100ಎ9. ಆರ್‌ಎನ್‌ಎಯಲ್ಲಿ ಇವು ಛಾವಣಿ ಮುಟ್ಟುತ್ತವೆ. ಎಟಾಕ್‌ನಲ್ಲಿ ಏನೇನೂ ವ್ಯತ್ಯಾಸವಿಲ್ಲ! ಸಿಡಿ14 ಮಾನೊಸೈಟ್‌ನಲ್ಲಿ ಆ ಜಾಗ ಆರೋಗ್ಯದಲ್ಲೂ ತೆರೆದೇ ಇರುತ್ತದೆ, ಇನ್ನು ತೆರೆಯಲು ಏನು ಉಳಿದಿದೆ? ಒಂದು ಸೆಮಿನಾರಿನಲ್ಲಿ ಇದನ್ನು ತೋರಿಸಿದಾಗ "ನಿಮ್ಮ ಡೇಟಾ ತಪ್ಪು" ಅಂದವರಿದ್ದಾರೆ. ಅವರಿಗೆ ನನ್ನ ಸ್ವಂತ ಮಾನೊಸೈಟ್‌ನ ಟ್ರ್ಯಾಕ್ ತೋರಿಸಿದೆ.

ಎಚ್‌ಎಲ್‌ಎ-ಡಿಆರ್ ಪ್ರಶ್ನೆಗೆ ಉತ್ತರ ಎರಡೂ ಕಡೆ ಬಂತು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಸಿಐಐಟಿಎ ಸುತ್ತಲಿನ ಜಾಗಗಳು ಇಳಿದಿವೆ. ಉಳಿದವರಲ್ಲಿ ಕ್ರೊಮಾಟಿನ್ ಹಾಗೇ ಇದೆ, ಪ್ರೋಟೀನು ಮಾತ್ರ ಮೇಲಿಲ್ಲ. ಕೋಶದ ಮೇಲಿನ ಪ್ರೋಟೀನು ಅಳೆಯುವ ಫ್ಲೋ ಯಂತ್ರದ ಒಂದೇ ಸಂಖ್ಯೆಯ ಹಿಂದೆ ಎರಡು ಬೇರೆ ಸ್ಥಿತಿ. ನನಗೆ ಇಷ್ಟವಾದ ಫಲಿತಾಂಶ ಇದೇ. ಇನ್ನೂ ಜಾಸ್ತಿ ಜನರಲ್ಲಿ ನೋಡುವವರೆಗೆ ಜೋರಾಗಿ ಹೇಳುವುದಿಲ್ಲ.

ನಡುವೆ ದಾರಿ ತಪ್ಪಿ ಮಾಡಿದ ಒಂದು ಪ್ರಯೋಗ. ರೋಗಿಯ ರಕ್ತದ ನೀರಿನಲ್ಲೇ ಏನೋ ಇದೆ ಅನ್ನಿಸಿ, ಆರೋಗ್ಯವಂತರ ಮಾನೊಸೈಟ್‌ಗಳನ್ನು ರೋಗಿಯ ಪ್ಲಾಸ್ಮಾದಲ್ಲಿ ಬೆಳೆಸಿದೆ. ಇಡಿಟಿಎ ಪ್ಲಾಸ್ಮಾ! ಬೆಳಿಗ್ಗೆ ನೋಡಿದರೆ ಕೋಶಗಳೆಲ್ಲ ತಳ ಬಿಟ್ಟು ತೇಲುತ್ತಿದ್ದವು. ಇಡಿಟಿಎ ನನ್ನನ್ನು ಎರಡು ಸಲ ಬೀಳಿಸಿದೆ, ಮೂರನೇ ಸಲಕ್ಕೆ ಕಾಯುತ್ತಿದ್ದೇನೆ. ಆಮೇಲೆ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ, ಇಡಿಟಿಎ ಇಲ್ಲದ ನೀರು) ತೆಗೆದುಕೊಂಡೆ. ಎಟಾಕ್ ಮಾಡಲು ದುಡ್ಡಿರಲಿಲ್ಲ, ಬರೀ ಕ್ಯೂಪಿಸಿಆರ್. ಇಂಟರ್‌ಫೆರಾನ್ ಸಿಕ್ಕರೆ ಏಳುವ ಎಂಎಕ್ಸ್1 ಜೀನು ಏರಿತು. ಇಂಟರ್‌ಫೆರಾನ್ ಸಂದೇಶ ಒಯ್ಯುವ ಜ್ಯಾಕ್ ಕಿಣ್ವವನ್ನು ತಡೆಯುವ ರುಕ್ಸೋಲಿಟಿನಿಬ್ ಹಾಕಿದರೆ ಇಳಿಯಿತು. ಎಫ್‌ಕೆಬಿಪಿ5 ಕೂಡ ಏರಿತು, ಗ್ಲೂಕೊಕಾರ್ಟಿಕಾಯ್ಡ್ ರಿಸೆಪ್ಟರ್ ತಡೆಯುವ ಮಿಫೆಪ್ರಿಸ್ಟೋನ್ ಹಾಕಿದರೆ ಅದೂ ಇಳಿಯಿತು. ಅಂದರೆ ಸೀರಮ್‌ನಲ್ಲೇ ಡೆಕ್ಸಾಮೆಥಾಸೋನ್ ಕೂತಿತ್ತು.

ಒಬ್ಬರ ಸೀರಮ್ ಮಾತ್ರ ವಿಚಿತ್ರ. ಅದರಲ್ಲಿ ಎಂಎಕ್ಸ್1 ಏರಲೇ ಇಲ್ಲ. ನಾನೇ ಹೊರಗಿನಿಂದ ಇಂಟರ್‌ಫೆರಾನ್-ಆಲ್ಫಾ ಹಾಕಿದೆ. ಆಗಲೂ ಇಲ್ಲ. ಸೀರಮ್ ತೆಗೆದು ಅದೇ ಕೋಶಗಳಿಗೆ ಇಂಟರ್‌ಫೆರಾನ್ ಕೊಟ್ಟರೆ ಜಿಗಿಯುತ್ತದೆ. ಇಂಟರ್‌ಫೆರಾನ್ ವಿರುದ್ಧವೇ ಆಂಟಿಬಾಡಿ ಇದೆ ಅಂತ ಬೇರೆ ಹೇಳಬೇಕಾಗಿಲ್ಲ. 2020ರ ದೊಡ್ಡ ಅಧ್ಯಯನದಲ್ಲಿ ಜೀವಕ್ಕೇ ಕುತ್ತಾದ ಕೋವಿಡ್ ನ್ಯುಮೋನಿಯಾ ಇದ್ದ 987 ಮಂದಿಯಲ್ಲಿ 101 ಜನರಿಗೆ ಇಂಥ ಆಂಟಿಬಾಡಿ ಇತ್ತು. ನನ್ನ ಕೈಗೂ ಒಬ್ಬರು ಸಿಕ್ಕರು. ಅವರ ಎಟಾಕ್ ಮಾಡಿದ್ದೇನೆ. ಇಂಟರ್‌ಫೆರಾನ್ ಜಾಗಗಳು ಹೇಗಿವೆ ಅಂತ ಈಗಲೇ ಹೇಳಿದರೆ ನಮ್ಮ ವಿದ್ಯಾರ್ಥಿನಿ ನನ್ನನ್ನು ಸುಮ್ಮನೆ ಬಿಡುವುದಿಲ್ಲ, ಅದು ಅವಳ ಪ್ರಬಂಧ.

ಆಂಟಿಬಾಡಿಯಿಂದ ಹಿಸ್ಟೋನಿನ ಗುರುತು ಹಿಡಿಯುವ ಕಟ್-ಅಂಡ್-ಟ್ಯಾಗ್ ಕೂಡ ಪ್ರಯತ್ನಿಸಿದೆ, ಕೆಲಸದಲ್ಲಿರುವ ಜಾಗಗಳ ಗುರುತಾದ ಎಚ್3ಕೆ27ಎಸಿ ನೋಡಲು. ಸೋತೆ. ನ್ಯೂಟ್ರೋಫಿಲ್ ಒಂದಿಷ್ಟು ಉಳಿದರೂ ಅವುಗಳ ಎಲಾಸ್ಟೇಸ್, ಕೆಥೆಪ್ಸಿನ್-ಜಿ ಕಿಣ್ವಗಳೆಲ್ಲ ಹಿಸ್ಟೋನಿನ ಬಾಲವನ್ನೇ ಕತ್ತರಿಸಿ ಹಾಕುತ್ತವೆ. ಬಾಲವೇ ಇಲ್ಲದ ಮೇಲೆ ಆಂಟಿಬಾಡಿ ಹಿಡಿಯುವುದು ಏನನ್ನು? ಮೂರು ತಿಂಗಳು ಕಳೆದು ಕೈಬಿಟ್ಟೆ.

ಹೋಲಿಕೆಗೆ ಅತ್ಯುತ್ತಮ ಕಂಟ್ರೋಲ್ ಆ ರೋಗಿಯೇ, ಗುಣವಾಗಿ ಮೂರು ತಿಂಗಳ ಮೇಲೆ ಬಂದಾಗ. ವಯಸ್ಸು, ಲಿಂಗ, ಸಕ್ಕರೆ ಕಾಯಿಲೆ, ಜೀನು ಯಾವುದನ್ನೂ ಹೊಂದಿಸಬೇಕಾಗಿಲ್ಲ. ಬರೆಯುವುದು ಸುಲಭ. ಸುಮಾರು 30 ಮಂದಿಯಲ್ಲಿ 11 ಜನ ವಾಪಸ್ ಬಂದರು. ಕೆಲವರು ಬರಲು ಒಪ್ಪಲಿಲ್ಲ. ಕೆಲವರ ಮನೆಗೆ ಫೋನ್ ಮಾಡಿದಾಗ ಮಗನೋ ಮಗಳೋ ಎತ್ತಿ, "ಅಪ್ಪ ಇಲ್ಲ" ಅಂದರು. ಆ ಫೋನುಗಳನ್ನು ವಿದ್ಯಾರ್ಥಿಗಳಿಗೆ ಬಿಡದೆ ನಾನೇ ಮಾಡುತ್ತಿದ್ದೆ. ಬಂದ ಹನ್ನೊಂದು ಜನರ ಮಾನೊಸೈಟ್‌ನಲ್ಲಿ ಹೆಚ್ಚಿನ ಜಾಗಗಳು ಮೊದಲಿನಂತಾಗಿವೆ, ಎಲ್ಲವೂ ಅಲ್ಲ. ಮಾನೊಸೈಟ್ ರಕ್ತದಲ್ಲಿ ಇರುವುದು ಕೆಲವೇ ದಿನ. ಮೂರು ತಿಂಗಳ ನಂತರವೂ ಗುರುತು ಇದೆ ಅಂದರೆ ಅದು ಮಜ್ಜೆಯ ಮೂಲಕೋಶದಲ್ಲಿ ಕೂತಿರಬೇಕು. 2023ರಲ್ಲಿ ಬೇರೊಂದು ಗುಂಪು ರಕ್ತದಲ್ಲೇ ಸಿಗುವ ಮೂಲಕೋಶಗಳನ್ನು ಹಿಡಿದು ಹೀಗೇ ಇದೆ ಅಂತ ತೋರಿಸಿತು. ನಮಗಿಂತ ಮುಂಚೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಡೇಟಾ ಸರಿಯಿದೆ ಅನ್ನುವ ಧೈರ್ಯವೂ ಬಂತು.

ಇನ್ನು ಪ್ರೋಟೋಕಾಲ್ ಕಳಿಸುವಾಗ ಬಿಟ್ಟ ಸಾಲಿನ ವಿಷಯ. ಕೋಶ ಒಡೆಯುವ ಬಫರಿನಲ್ಲಿ ಪೊರೆ ಸಡಿಲಿಸುವ ವಸ್ತುಗಳನ್ನು, ಎನ್‌ಪಿ-40 ಮತ್ತು ಟ್ವೀನ್ ತಲಾ ಶೇಕಡಾ 0.1, ಡಿಜಿಟೋನಿನ್ ಶೇಕಡಾ 0.01 ಅಂತ ಎಲ್ಲರೂ ಹಾಕುತ್ತಾರೆ. ಐಸಿಯು ಮಾನೊಸೈಟ್‌ನ ಪೊರೆ ಆರೋಗ್ಯವಂತರದ್ದರ ಹಾಗಿರುವುದಿಲ್ಲ. ನಾನು ಡಿಜಿಟೋನಿನ್ ಬದಲಾಯಿಸುತ್ತೇನೆ, ಎಷ್ಟು ಅಂತ ಆ ದಿನದ ಟ್ರಿಪಾನ್ ಬ್ಲೂ (ಸತ್ತ ಕೋಶಕ್ಕೆ ಹತ್ತುವ ಬಣ್ಣ) ನೋಡಿ ನಿರ್ಧರಿಸುತ್ತೇನೆ. ಯಾವ ಲೆಕ್ಕದಲ್ಲಿ ಅನ್ನುವುದು ಪೇಪರ್ ಬರುವವರೆಗೆ ನನ್ನ ಹತ್ತಿರವೇ ಇರಲಿ. ಅದಿಲ್ಲದಿದ್ದರೂ ಹತ್ತಕ್ಕೆ ಏಳು ಪಾಸಾಗುತ್ತವೆ.

ಮೊನ್ನೆ ಆ ಹಿರಿಯರು ಮತ್ತೆ ಫೋನ್ ಮಾಡಿದರು. "ನಿಮ್ಮ ಪ್ರೋಟೋಕಾಲ್ ಪ್ರಕಾರವೇ ಮಾಡಿದೆ ಕಣ್ರೀ, ಸ್ಮಿಯರ್ ಬಂತು." ಚಿತ್ರವನ್ನೂ ಕಳಿಸಿದರು. ನನ್ನ ಮೊದಲ ವರ್ಷದ ಸ್ಮಿಯರಿನ ತದ್ರೂಪು. ಡಿಜಿಟೋನಿನ್ ಬಗ್ಗೆ ಬಾಯಿ ಬಿಡಬೇಕಾಗುತ್ತದೇನೋ ಅಂತ ಅಂಜುತ್ತಲೇ ಕೇಳಿದೆ, "ಸರ್, ಕೋಶ ಎಣಿಸಿದ್ದು ಸಿಡಿ66ಬಿ ಬೀಡ್ಸ್‌ಗೆ ಮೊದಲೋ ಆಮೇಲೋ?"

"ಮೊದಲೇ ಎಣಿಸಿಟ್ಟುಕೊಂಡಿದ್ದೆ. ಯಾಕೆ?"